ಎದುರು ನೀರಿಗೆ ಬಂದ ಮೊರ

ಕಣ್ಣಿಗೆ ಕಂಡದ್ದನ್ನೆಲ್ಲ ನಂಬುವ ಮನುಷ್ಯ ನಾನಲ್ಲ. ಪುಣೆ ಹತ್ತಿರದ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ದುಡಿದವನು. ಒಮ್ಮೆ ಬಂದ ಫಲಿತಾಂಶ ಇನ್ನೊಮ್ಮೆ ಬರದಿದ್ದರೆ ಅದನ್ನು ಬದಿಗಿಡುವುದು ಅಲ್ಲಿಯ ರೂಢಿ. ನೆಂಟರು ದೇವರು, ದೆವ್ವ, ಶಕುನ ಎಂದು ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಈಗ ಹೇಳುವುದು ಒಮ್ಮೆ ಮಾತ್ರ ನಡೆದದ್ದು. ಆದರೂ ಅದನ್ನು ಬದಿಗಿಡಲು ನನ್ನಿಂದ ಆಗಿಲ್ಲ. ನಂಬುವುದು, ಬಿಡುವುದು ನಿಮ್ಮಿಷ್ಟ. ನಾನು ಮಾತ್ರ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಕಾಲವಾಗಿತ್ತು. ಪುಣೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ಅಣ್ಣನ ಮಗಳು ಶೋಭಾಳ ಮದುವೆ ಗೊತ್ತಾಗಿತ್ತು. ನಮ್ಮ ಮೂಲ ಊರು ಬಾಗಲಕೋಟೆ ಕಡೆ, ಕೃಷ್ಣಾ ದಂಡೆಯ ಮೇಲೆ. ಮನೆಯ ಹೆಣ್ಣುಮಗಳ ಮದುವೆಗೆ ಮೊದಲು ಹೊಳೆಗೆ ಉಡಿ ತುಂಬುವುದು ನಮ್ಮ ಮನೆತನದ ಪದ್ಧತಿ. ಹೊಸ ಮೊರದಲ್ಲಿ ಅಕ್ಕಿ, ಕುಪ್ಪಸದ ಖಣ, ಉತ್ತತ್ತಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು ಇಟ್ಟು, ಹೊಳೆಯೂ ಮನೆಯ ಮಗಳೇ ಎಂಬಂತೆ ನೀರಿಗೆ ಒಪ್ಪಿಸುತ್ತಾರೆ. ಊರಿಗೆ ಹೋಗಿಬರಲು ಅಣ್ಣನಿಗೆ ಪುರಸೊತ್ತಿರಲಿಲ್ಲ. ಪುಣೆಯ ದಕ್ಷಿಣಕ್ಕಿರುವ ವಾಯಿ ಪಟ್ಟಣದಲ್ಲೂ ಹರಿಯುವುದು ಕೃಷ್ಣೆಯೇ, ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು, ಆ ಹಳೆಯ ಪಟ್ಟಣವನ್ನೂ ನೋಡಿದಂತಾಯಿತು ಎಂದ.

ಈ ಉಡಿಯನ್ನು ಮೊದಲೆಲ್ಲ ತುಂಬುತ್ತಿದ್ದವಳು ನಮ್ಮ ಅವ್ವ. ಆದರೆ ಹಿಂದಿನ ವರ್ಷ ಅಪ್ಪ ತೀರಿಕೊಂಡಿದ್ದ. ಮುತ್ತೈದೆಯಲ್ಲದವಳು ಉಡಿ ತುಂಬಬಾರದು ಎಂದು ಈ ಸಲ ಆ ಕೆಲಸ ಅಣ್ಣನ ಹೆಂಡತಿ ಸುಮಿತ್ರಾ ವೈನಿಯ ಪಾಲಿಗೆ ಬಂದಿತ್ತು. ಯಾರೂ ಅವ್ವನನ್ನು ಕೇಳಿರಲಿಲ್ಲ. ಅವಳೂ ದಾರಿಯುದ್ದಕ್ಕೂ ಮಾತಾಡಲಿಲ್ಲ.

ವಾಯಿಯಲ್ಲಿ ಹೊಳೆಗಿಳಿಯುವ ಮೆಟ್ಟಿಲಿನ ಘಾಟುಗಳ ಮೇಲೆ ನಡೆದಾಡಿದೆವು. ಕೆತ್ತನೆಯ ಕಂಬಗಳ ಹಳೆಯ ವಾಡೆ ಮನೆಗಳನ್ನು ಹೊರಗಿನಿಂದ ನೋಡಿದೆವು. ದಂಡೆಯ ಮೇಲಿನ ದೊಡ್ಡ ಗಣಪತಿಯ ಗುಡಿಗೆ ಹಿಂದಿನ ಗೋಡೆಯನ್ನು ಮೀನಿನ ಹಾಗೆ ಚೂಪಾಗಿ ಕಟ್ಟಿದ್ದಾರೆ, ಮಹಾಪೂರ ಬಂದರೆ ನೀರು ಇಬ್ಭಾಗವಾಗಿ ಹೋಗಲೆಂದು. ಶೋಭಾ ಇದನ್ನು ವಿವರಿಸಿದಾಗ ಅವ್ವ ಮೊದಲ ಸಲ ಬಾಯಿ ತೆರೆದಳು. “ದೇವರಿಗೂ ಹೊಳಿ ಅಂಜಿಕಿ ಅದ ನೋಡು.”

ಮಧ್ಯಾಹ್ನವಾಗಿತ್ತು. ಅಣ್ಣ ಊಟದ ಖಾನಾವಳಿ ಹುಡುಕಲು ಹೋದ. ಅವ್ವ, ವೈನಿ, ಶೋಭಾ, ನಾನು ಜನ ಕಡಿಮೆಯಿದ್ದ ಒಂದು ಘಾಟಿಗೆ ಇಳಿದೆವು. ಮಳೆಗಾಲ ಆಗತಾನೆ ಮುಗಿದಿದ್ದರಿಂದ ನೀರಿಗೆ ಸೆಳೆತವಿತ್ತು. ವೈನಿ ಮೊರ ಸಿದ್ಧಮಾಡುತ್ತಿದ್ದಂತೆ ಅವ್ವ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದು ಕೈ ಚಾಚಿದಳು.

“ಅತ್ತೀ, ನಿಮ್ಮ ಕೈಲೆ ಬ್ಯಾಡ್ರಿ. ನಾಳೆ ಹುಡುಗಿಗೆ ಏನರೆ ಆತಂದ್ರ?” ಎಂದಳು ವೈನಿ.

“ನಿನ್ನ ಗಂಡನ್ನ ಎತ್ತಿ ಆಡಿಸಿದ ಕೈ ಇದು, ಸುಮಿತ್ರಾ. ಇದಕ್ಕೇನಾಗ್ಯಾದ ಈಗ?”

ವೈನಿ ನನ್ನ ಕಡೆ ತಿರುಗಿದಳು. “ಭಾವಜಿ, ನೀವರೆ ಹೇಳ್ರಿ. ಓದಿದವರಿದ್ದೀರಿ.”

“ಓದಿದ್ದಕ್ಕೇ ಹೇಳತೀನ್ರಿ ವೈನಿ. ಕೊಡ್ರಿ.”

ವೈನಿ ಕೊಡಲಿಲ್ಲ. ಶೋಭಾ ತಾಯಿಯ ಕೈಯಿಂದ ಮೊರ ತೆಗೆದುಕೊಂಡು, “ಮದುವಿ ನಂದದ” ಎಂದು ಅಜ್ಜಿಗೆ ಕೊಟ್ಟಳು.

ಅವ್ವ ಮೊರವನ್ನು ನೀರಿನ ಮೇಲಿಟ್ಟು, ಒಂದು ಹಿಡಿ ಚೆಂಡುಹೂವು ಎಸೆದು ಕೈಮುಗಿದಳು. ಮೊರವೂ ಹೂವೂ ಸೆಳೆತದ ಜೊತೆ ಕೆಳಗೆ ಸಾಗಿದವು. ಮುಂದಿನ ಘಾಟಿನ ಸಮೀಪ ಮೊರ ನಿಂತಿತು. ಕಲ್ಲಿಗೆ ತಾಗಿತೆಂದು ನಾನು ತಿಳಿದೆ. ಆಮೇಲೆ ಅದು ನಿಧಾನವಾಗಿ ನಮ್ಮ ಕಡೆ ಬರತೊಡಗಿತು.

ನಾನು ನೋಡಿದ್ದನ್ನು ನೋಡಿದ ಹಾಗೆಯೇ ಬರೆಯುತ್ತಿದ್ದೇನೆ. ಗಾಳಿ ಇರಲಿಲ್ಲ. ಎದುರು ಗುಡಿಯ ಕೇಸರಿ ಬಾವುಟ ಕೋಲಿಗೆ ಜೋತುಬಿದ್ದಿತ್ತು. ದಂಡೆಗಳಲ್ಲಿ ನೀರು ಹಿಂದಕ್ಕೆ ಸುತ್ತುವುದುಂಟು, ಅದು ನನಗೆ ಗೊತ್ತು. ಆದರೆ ಹಿಂದುಳಿದಿದ್ದ ಹೂವುಗಳು ಅದೇ ಜಾಗದಲ್ಲಿ, ಮೊರಕ್ಕೆ ಒರಸಿಕೊಂಡೇ ಕೆಳಗೆ ಹೋಗುತ್ತಿದ್ದವು. ನೀರಿನಲ್ಲಿ ಈಜುವವರಿರಲಿಲ್ಲ. ಕೆಳಗಿನ ಘಾಟಿನಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೈಯಲ್ಲಿದ್ದದ್ದನ್ನು ಹಾಗೇ ಬಿಟ್ಟು ನಿಂತು, ಮೊರ ತಿರುಗಿ ಬಂತಲ್ಲೇ ಎಂದು ಮರಾಠಿಯಲ್ಲಿ ಕೂಗಿದಳು. ಅವಳಿಗೆ ನಮ್ಮ ಉಡಿಯ ಜಗಳ ಗೊತ್ತಿರಲಿಲ್ಲ.

ಮೊರ ಬಂದು ಅವ್ವನ ಮೊಣಕಾಲಿಗೆ ತಾಗಿ ನಿಂತಿತು. ಅದರೊಳಗಿನ ಅಕ್ಕಿ ಒದ್ದೆಯಾಗಿರಲಿಲ್ಲ.

ವೈನಿ ಅಳತೊಡಗಿದಳು. “ಒಲ್ಲೆ ಅಂದ್ಲು ನೋಡ್ರಿ ಹೊಳಿ. ನಾ ಹೇಳಿದ್ದಿಲ್ಲ?”

ಇಲ್ಲಿ ನಮ್ಮವರ ಒಂದು ರೂಢಿ ಹೇಳಬೇಕು. ಉಡಿ ತುಂಬಿಸಿಕೊಂಡವಳು ಎಲ್ಲವನ್ನೂ ತಾನೇ ಒಯ್ಯುವುದಿಲ್ಲ. ಅದರಿಂದ ಒಂದು ಚಿಟಿಕೆ ಕಾಳು ತೆಗೆದು, ತುಂಬಿದವಳ ಸೆರಗಿಗೆ ತಿರುಗಿ ಹಾಕುತ್ತಾಳೆ. ಕೊಟ್ಟವಳ ಮನೆ ಬರಿದಾಗಬಾರದೆಂದು.

ಅವ್ವ ಸೆರಗು ಒಡ್ಡಿ, ಮೊರದಿಂದ ಒಂದು ಚಿಟಿಕೆ ಅಕ್ಕಿ, ಒಂದು ಉತ್ತತ್ತಿ ತೆಗೆದು ಗಂಟು ಹಾಕಿಕೊಂಡಳು. “ಒಲ್ಲೆ ಅನ್ನವರು ಮುಳುಗಿಸಿ ಬಿಡತಾರವಾ. ಈಕಿ ನನ್ನ ಪಾಲು ಕೊಡ್ಲಿಕ್ಕೆ ಬಂದಾಳ.” ಹಾಗೆಂದು ಮೊರದಿಂದ ಕೈ ತೆಗೆದಳು. ಅದು ಸೆಳೆತದ ಜೊತೆ ಹೊರಟು, ಎಲ್ಲಿಯೂ ನಿಲ್ಲದೆ ಕಣ್ಮರೆಯಾಯಿತು.

ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅಷ್ಟರಲ್ಲಿ ಅಣ್ಣ ಬಂದು, “ಜ್ವಾಳದ ರೊಟ್ಟಿ ಇಲ್ಲಂತ, ಜ್ವಾರಿ ಭಾಕರಿ ಅದ ಅಂತ” ಎಂದು, ಒಂದೇ ರೊಟ್ಟಿಗೆ ಮರಾಠಿ ಹೆಸರಿಟ್ಟದ್ದಕ್ಕೆ ತಾನೇ ನಕ್ಕ. ನಾವು ಯಾರೂ ನಗಲಿಲ್ಲ. ನಡೆದದ್ದನ್ನು ಹೇಳಿದರೆ, “ಗಾಳಿ ಇರಬೇಕು ತಗೊ” ಎಂದ. ಇಂದಿಗೂ ಅದನ್ನೇ ಹೇಳುತ್ತಾನೆ.

ಮದುವೆಯಲ್ಲಿ ಮಗಳ ಉಡಿ ತುಂಬುವ ಹೊತ್ತಿಗೆ ಅವ್ವ ಯಾರ ಅಪ್ಪಣೆಗೂ ಕಾಯದೆ ಎದ್ದು ಬಂದಳು. ಬೀಗರ ಕಡೆಯ ಹಿರಿಯಳೊಬ್ಬಳು ಗೊಣಗಿದಾಗ ಅಡ್ಡ ನಿಂತವಳು ವೈನಿ. “ನಾನೂ ಒಪ್ಪಿಲ್ಲರಿ. ಆದ್ರ ಹೊಳಿ ಜೋಡಿ ಜಗಳ ತೆಗೆಯೋ ಧೈರ್ಯ ನನಗಿಲ್ಲ. ನಿಮಗಿದ್ರ ಹೋಗಿ ತಡೀರಿ.” ಯಾರೂ ತಡೆಯಲಿಲ್ಲ.

ಆಮೇಲೆ ನೆಂಟರಲ್ಲಿ ಇದು ಪವಾಡದ ಕಥೆಯಾಯಿತು. ಹೊಳೆಯೇ ಒಪ್ಪಿದ ಮೇಲೆ ನಮ್ಮದೇನು ಎಂದರು. ಅವರ ಜೊತೆಗೂ ನನ್ನದು ಜಗಳವೇ. ಮೊರ ತಿರುಗಿ ಬಾರದೆ ಹೋಗಿದ್ದರೆ ಅವ್ವನಿಗೆ ಆ ಹಕ್ಕು ಇರುತ್ತಿರಲಿಲ್ಲವೆ? ಗಂಡ ಸತ್ತ ಹೆಂಗಸು ತನ್ನ ಮೊಮ್ಮಗಳ ಉಡಿ ತುಂಬಲು ಹೊಳೆ ಬಂದು ಸಾಕ್ಷಿ ಹೇಳಬೇಕೆ? ಹೀಗೆ ಕೇಳಿದರೆ ಅವರು ಸುಮ್ಮನಾಗುತ್ತಾರೆ. ಹಾಗಾದರೆ ಮೊರ ಬಂದದ್ದು ಹೇಗೆ ಎಂದು ಅವರು ತಿರುಗಿ ಕೇಳಿದರೆ ನಾನು ಸುಮ್ಮನಾಗುತ್ತೇನೆ.

ಅದೇ ಘಾಟಿಗೆ, ಅದೇ ಋತುವಿನಲ್ಲಿ ಹಲವು ಸಲ ಹೋಗಿದ್ದೇನೆ. ಮೊರಗಳನ್ನು ತೇಲಿಬಿಟ್ಟಿದ್ದೇನೆ. ಎಲ್ಲವೂ ಕೆಳಗೇ ಹೋಗಿವೆ. ಅವ್ವನನ್ನು ಕೇಳಿದರೆ, “ತುಂಬಿದೆ, ಕೊಟ್ಲು. ಅದರಾಗ ತಿಳಿಯೂದೇನದ?” ಎನ್ನುತ್ತಿದ್ದಳು. ನನಗೆ ತಿಳಿದಿಲ್ಲ. ತಿಳಿದಿಲ್ಲ ಎನ್ನುವುದಕ್ಕೆ ನನಗೆ ನಾಚಿಕೆಯೂ ಇಲ್ಲ. ಆದರೆ ನೋಡಿಲ್ಲ ಎಂದು ಮಾತ್ರ ನನ್ನಿಂದ ಹೇಳಿಸಲಾರಿರಿ.