ಹ್ಞೂಂಗುಟ್ಟುವ ಗಂಡ

ರಮಾಬಾಯಿ ಇಪ್ಪತ್ತೆರಡು ವರ್ಷದಿಂದ ಕಮಲಾಪುರದ ಅಂಗನವಾಡಿಯಲ್ಲಿ ಟೀಚರು. ಮನೆ ಕಲಬುರಗಿಯಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಹೋಗುವುದು, ಸಂಜೆ ನಿಂತೇ ಬರುವುದು. ಮೊಟ್ಟೆ, ತೂಕ, ಸರ್ವೆ, ಮೊಬೈಲಿಗೆ ಫೋಟೊ ಹಾಕುವುದು ಎಲ್ಲ ಮುಗಿದು ಕಥೆಯ ಹೊತ್ತು ಬರುವಷ್ಟರಲ್ಲಿ ಹೈರಾಣಾಗಿರುತ್ತಿದ್ದಳು. ಅವಳು ಕಥೆ ತೆಗೆದರೆ ಸಾಕು, ಮಕ್ಕಳು ಒಬ್ಬೊಬ್ಬರಾಗಿ ಎದ್ದು ಬಾಗಿಲಿಗೆ ಹೋಗುತ್ತಿದ್ದರು.

ಸೂಪರ್‌ವೈಸರ್ ಪ್ರೀತಿ ಒಂದು ದಿನ ಕೂತು ನೋಡಿದಳು.

"ಟೀಚರ್, ಕಥಿ ಹೇಳಾಕತ್ತೀರೋ, ಹಾಜರಿ ಕರಿಯಾಕತ್ತೀರೋ? ಮುಂದಿನ ತಿಂಗಳ ಬರ್ತೀನಿ. ಮಕ್ಕಳು ಕೂಡಲಿಲ್ಲಂದ್ರ ಆಯಾಗೇ ಕಥಿ ಹೇಳಾಕ ಹಚ್ಚತೀನಿ."

ಆ ಮಾತು ರಮಾಬಾಯಿಗೆ ಚುಚ್ಚಿತು. ಮಕ್ಕಳು ಕೇಳದಿದ್ದರೇನು, ಮನೆಯಲ್ಲಿ ಗಂಡ ಕೇಳುತ್ತಾನಲ್ಲ ಎಂಬ ಧೈರ್ಯ ಮಾತ್ರ ಇತ್ತು. ನಮ್ಮ ಕಡೆ ಕಥೆ ಕೇಳುವವರು ಹ್ಞೂಂಗುಟ್ಟಬೇಕು, ಇಲ್ಲದಿದ್ದರೆ ಹೇಳುವವರು ಮುಂದೆ ಹೋಗುವುದಿಲ್ಲ. ನಂದೂರಿನ ದಾಲ್ ಮಿಲ್ಲಿನಲ್ಲಿ ದುಡಿದು ಎಷ್ಟೇ ದಣಿದು ಬಂದರೂ ಗಂಡ ಸೂರ್ಯಕಾಂತ ಒಂದು ಹ್ಞೂಂ ತಪ್ಪಿಸಿದವನಲ್ಲ.

ಭಾನುವಾರ ಮಧ್ಯಾಹ್ನ ಅವನನ್ನೇ ಎದುರಿಗೆ ಕೂರಿಸಿಕೊಂಡು, ದಾರಿ ತಪ್ಪಿದ ಮುದುಕಿಯ ಕಥೆ ಶುರುಮಾಡಿದಳು. ನಡುವೆ ಬೇಳೆ ಉಕ್ಕಿತು. ಕಥೆ ಬಿಟ್ಟು ಎದ್ದು, ಬೆನ್ನು ತಿರುಗಿಸಿ ಒಲೆ ಸಣ್ಣ ಮಾಡಿದಳು.

"ಹ್ಞೂಂ," ಅಂದ ಸೂರ್ಯಕಾಂತ. ತುಸು ತಡೆದು ಮತ್ತೆ, "ಹ್ಞೂಂ."

"ಯಾರಿಗಿ ಹ್ಞೂಂ ಅನ್ನಾಕತ್ತೀರಿ?" ತಿರುಗದೆಯೇ ಕೇಳಿದಳು.

"ಹ್ಞೂಂ."

ಅವಳು ಎದುರಿಗೆ ಬಂದು ನಿಂತಾಗ ಅವನು ತಲೆ ತಗ್ಗಿಸಿದ.

"ಒಂದು ವರ್ಷ ಆತು, ಮಷೀನಿನ ಸಪ್ಪಳ ಬಿಟ್ಟು ಏನೂ ಕೇಳವಲ್ದು. ಗೊತ್ತಾದ್ರ ಮಿಲ್ಲಿನ್ಯಾಗ ಇಟ್ಕೊಳ್ಳೂದಿಲ್ಲ. ನಿನ್ನ ತುಟಿ ನಿಂತಾಗೊಮ್ಮೆ ಹ್ಞೂಂ ಅಂತೀನಿ. ನೀ ಬೆನ್ನು ತಿರುಗಿಸಿದ್ರ ಅಂದಾಜಿಗೆ ಅಂತೀನಿ."

ಕೂಗಿದರೆ ಓಗೊಡದಿದ್ದಾಗ ದಣಿದಿದ್ದಾನೆ ಅಂದುಕೊಂಡಿದ್ದಳು. ಸಿಟ್ಟು ಬಂತು, ಹಿಂದೆಯೇ ಅಳು ಬಂತು. ಕಣ್ಣೊರೆಸಿಕೊಂಡು ಕಥೆಯನ್ನು ಮತ್ತೆ ಮೊದಲಿನಿಂದ ತೆಗೆದಳು. ಈ ಸಲ ಸೊಂಟ ಬಗ್ಗಿಸಿ ಮುದುಕಿಯಂತೆ ನಡೆದಳು, ಹಣೆಗೆ ಕೈ ಹಚ್ಚಿ ದಾರಿ ಹುಡುಕಿದಳು, ಏದುಸಿರು ಬಿಡುತ್ತ ನೆಲಕ್ಕೆ ಕೂತಳು. ಏದುಸಿರು ನಟಿಸಬೇಕಾಗಿ ಬರಲಿಲ್ಲ.

"ಮುದುಕಿ ಮನೀ ಮುಟ್ಟಿದಳೇನ?" ಸೂರ್ಯಕಾಂತ ಕೇಳಿದ.

ಅಂದಿನಿಂದ ಅಂಗನವಾಡಿಯಲ್ಲೂ ಹಾಗೆಯೇ ಹೇಳತೊಡಗಿದಳು. ಮುಂದಿನ ತಿಂಗಳು ಪ್ರೀತಿ ಬಂದಾಗ ಒಂದು ಮಗುವೂ ಮೇಲೆದ್ದಿರಲಿಲ್ಲ. ಬಾಗಿಲಿಗೆ ಮೊದಲು ಓಡುತ್ತಿದ್ದ ಹುಡುಗಿ ಟೀಚರ ಮಡಿಲಿಗೇ ಬಂದು ಕೂತಿದ್ದಳು.

"ಯಾವ ಟ್ರೇನಿಂಗಿಗೆ ಹೋಗಿದ್ರಿ, ಟೀಚರ್? ಉಳದ ಟೀಚರಿಗೂ ಹೇಳ್ರಿ, ಅವರೂ ಕಲೀಲಿ."

ರಮಾಬಾಯಿಗೆ ಗಂಡನ ಸಂಗತಿ ಹೇಳುವ ಆಸೆಯಾಯಿತು. ಹೇಳಿದರೆ ಮಿಲ್ಲಿನವರೆಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು.

"ಹೇಳೂವಂಥಾದ್ದು ಏನಿಲ್ಲ ಬಿಡ್ರಿ, ಮೇಡಂ," ಅಂದು ಮಕ್ಕಳ ತಟ್ಟೆ ತೊಳೆಯಲು ಎದ್ದಳು.