ತಾನಾಗಿ ಬರಬೇಕಿದ್ದ ನೋವು

ಹೆರಿಗೆಗೆ ಕೊಟ್ಟ ದಿನ ದಾಟಿ ಎಂಟು ದಿನವಾಗಿತ್ತು. ಆವತ್ತು ಮೂಡಬಿದಿರೆಯ ಆಸ್ಪತ್ರೆಗೆ ಹೊರಟದ್ದು ಬರೀ ತಪಾಸಣೆಗೆ. ಮಧ್ಯಾಹ್ನ ಊಟದ ಹೊತ್ತಿಗೆ ವಾಪಸ್ ಬರುತ್ತೇವಲ್ಲ ಎಂದು ಅಮ್ಮ ಅನ್ನ ಮಾಡಿ, ಬಸಿದಿಟ್ಟೇ ಬಂದಿದ್ದಳು. ಲಾಯಿಲದ ತವರುಮನೆಯಿಂದ ಗುರುವಾಯನಕೆರೆಗೆ ಬಂದು ಮೂಡಬಿದಿರೆಯ ರಸ್ತೆ ಹಿಡಿದಾಗ ಕಾರಿನಲ್ಲಿದ್ದದ್ದು ಮೂವರು: ನಾನು, ಅಮ್ಮ, ನನ್ನ ಗಂಡ.

ಗಂಡ ಗಲ್ಫಿನಲ್ಲಿ ಒಂದು ಹೋಟೆಲಿನ ಸ್ಟೋರು ನೋಡಿಕೊಳ್ಳುವವರು. ಹೆರಿಗೆಗೆ ಜೊತೆಯಲ್ಲಿರಬೇಕೆಂದು ಇಪ್ಪತ್ತು ದಿನದ ರಜೆ ಹಾಕಿ ಬಂದಿದ್ದರು. ರಜೆಯಲ್ಲಿ ಇನ್ನು ನಾಲ್ಕೇ ದಿನ ಉಳಿದಿತ್ತು. ಬೆಳಗ್ಗೆ ಎದ್ದ ಕೂಡಲೇ ಅವರು ನನ್ನ ಮುಖ ನೋಡುತ್ತಿದ್ದರು, ನಾನು ಇಲ್ಲ ಎಂದು ತಲೆಯಾಡಿಸುತ್ತಿದ್ದೆ. ನನಗೆ ಅವಸರವಿರಲಿಲ್ಲ. ನೋವು ತಾನಾಗಿ ಬರಲಿ ಎಂದು ಕಾಯುತ್ತಿದ್ದೆ. ಅಮ್ಮನೂ ಐದಾರು ತಿಂಗಳಿಂದ ಅದನ್ನೇ ಹೇಳುತ್ತಿದ್ದಳು. "ನೋವು ಬರಿಸುವ ಸೂಜಿ ಮಾತ್ರ ಹಾಕಿಸ್ಬೇಡ ಮಗಾ." ಯಾಕೆ ಎಂದು ಕೇಳಿದರೆ, "ಬೇಡ ಅಂದ್ರೆ ಬೇಡ" ಎಂದು ಎದ್ದುಹೋಗುತ್ತಿದ್ದಳು.

ಸ್ಕ್ಯಾನಿಂಗ್ ವರದಿ ನೋಡಿದ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಮಾತು ಕಡಿಮೆ.

"ಮಗುವಿನ ಸುತ್ತ ನೀರು ಕಡಿಮೆ ಆಗ್ತಾ ಉಂಟು. ಡೇಟೂ ದಾಟಿದೆ. ಇವತ್ತೇ ಅಡ್ಮಿಟ್ ಆಗಿ, ಜೆಲ್ ಇಟ್ಟು ನೋವು ಬರಿಸುವ."

"ತಾನಾಗಿ ಬರುವ ತನಕ ಕಾಯ್ಲಿಕ್ಕೆ ಆಗುದಿಲ್ವಾ ಮೇಡಂ?"

"ಕಾದು ಎಂತಾದ್ರೂ ಹೆಚ್ಚುಕಡಿಮೆ ಆದ್ರೆ?"

ಆಗ ಗಂಡ, ಮುಂದಕ್ಕೆ ಬಾಗಿ, ಮೆಲ್ಲಗೆ ಕೇಳಿದರು. "ಹಾಗಾದ್ರೆ ನಾಳೆಯೊಳಗೆ ಆಗ್ಬಹುದಾ ಮೇಡಂ? ನನಗೆ ಶುಕ್ರವಾರ ಫ್ಲೈಟ್ ಉಂಟು."

ಡಾಕ್ಟರು ಅವರನ್ನು ನೋಡಿದರು, ಕ್ಯಾಲೆಂಡರ್ ನೋಡಿದರು, ಆಮೇಲೆ ಚೀಟಿ ಬರೆದರು. ಕ್ಯಾಲೆಂಡರ್ ಯಾಕೆ ನೋಡಿದರು ಎಂಬ ಪ್ರಶ್ನೆ ಆ ಕ್ಷಣ ನನ್ನೊಳಗೆ ಹೊಕ್ಕಿತು. ಇವತ್ತಿಗೂ ಅದು ಪೂರ್ತಿ ಹೊರಗೆ ಹೋಗಿಲ್ಲ.

ನಾನು ಬೆಳ್ತಂಗಡಿಯಲ್ಲಿ ದಸ್ತಾವೇಜು ಬರೆಯುವವರೊಬ್ಬರ ಕಚೇರಿಯಲ್ಲಿ ಟೈಪಿಂಗ್ ಕೆಲಸ ಮಾಡುತ್ತೇನೆ. ಇಲ್ಲಿ ಸೈನ್ ಹಾಕಿ, ಇಲ್ಲಿ ಹೆಬ್ಬೆಟ್ಟು ಒತ್ತಿ ಎಂದು ದಿನಕ್ಕೆ ಎಷ್ಟೋ ಜನರಿಗೆ ಹೇಳುವವಳು. ಓದದೆ ಸೈನ್ ಹಾಕುವವರನ್ನು ಕಂಡು ಒಳಗೊಳಗೇ ನಕ್ಕದ್ದೂ ಉಂಟು. ಆವತ್ತು ಒಪ್ಪಿಗೆಯ ಕಾಗದದಲ್ಲಿ ನರ್ಸ್ ಬೆರಳಿಟ್ಟು ತೋರಿಸಿದ ಮೂರು ಕಡೆಯೂ ನಾನು ಓದದೆ ಸೈನ್ ಹಾಕಿದೆ.

ಮೊದಲ ದಿನ ಜೆಲ್ಲಿನಿಂದ ಏನೂ ಆಗಲಿಲ್ಲ. ಮರುದಿನ ಬೆಳಗ್ಗೆ ಎಂಟಕ್ಕೆ ನೋವು ಬರಿಸುವ ಡ್ರಿಪ್ಸ್ ಹಾಕುತ್ತೇವೆ ಎಂದರು. ಗಂಡ ಕಾಫಿ ತರಲು ಕೆಳಗೆ ಹೋಗಿದ್ದರು. ಅಮ್ಮ ನನ್ನ ಜಡೆ ಹೆಣೆಯುತ್ತಿದ್ದಳು. ಹೆಣೆದದ್ದನ್ನು ಬಿಚ್ಚಿ ಮತ್ತೆ ಮೊದಲಿಂದ ಹೆಣೆದಳು.

"ಎಂತಮ್ಮ?" ಎಂದೆ.

ಅವಳು ಹಿಂದಿನಿಂದಲೇ, ತುಳುವಿನಲ್ಲಿ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು. "ನಿನಗಿಂತ ಮೊದಲು ನನಗೊಂದು ಹೆಣ್ಣುಮಗು ಆಗಿತ್ತು. ಎರಡು ವರ್ಷ ಮೊದಲು. ಬಂಟ್ವಾಳದ ಹತ್ತಿರ, ನನ್ನ ತವರಿನ ಕಡೆ ಆಗ ಒಂದು ಸಣ್ಣ ಆಸ್ಪತ್ರೆ ಇತ್ತು. ಈಗ ಇಲ್ಲ ಅದು. ನೋವು ಬರ್ಲಿ ಅಂತ ಸೂಜಿ ಕೊಟ್ರು. ಮಗು ಅರ್ಧ ಗಂಟೆ ಇತ್ತು."

ನಾನು ತಿರುಗಲು ನೋಡಿದೆ. ಅವಳು ಜಡೆ ಬಿಡಲಿಲ್ಲ.

"ಸೂಜಿಯಿಂದಲೇ ಹೋಯ್ತಾ ಅಂತ ನಂಗೆ ಗೊತ್ತಿಲ್ಲ. ಯಾರೂ ಹೇಳ್ಲಿಲ್ಲ. ನಾನು ಕೇಳ್ಲೂ ಇಲ್ಲ. ಯಾರ ಹತ್ರ ಕೇಳುದು?"

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಈಗಲೂ ಹೇಳ್ಬಾರದಿತ್ತು," ಎಂದಳು. ಜಡೆಯ ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿ ಹೊರಗೆ ಹೋದಳು.

ಮೂವತ್ತೊಂದು ವರ್ಷ ನಾನು ಮನೆಯ ಹಿರಿಮಗಳಾಗಿದ್ದೆ. ಹೆರಿಗೆ ಕೋಣೆಗೆ ನಡೆದುಹೋಗುವಾಗ ನನಗೊಬ್ಬಳು ಅಕ್ಕನಿದ್ದಳು.

ಹೊಟ್ಟೆಗೆ ಬೆಲ್ಟ್ ಕಟ್ಟಿದರು. ಮಗುವಿನ ಎದೆಬಡಿತ ಯಂತ್ರದಿಂದ ಕೇಳತೊಡಗಿತು, ಅಕ್ಕಿ ಗಿರಣಿಯ ಪಟ್ಟಿ ಓಡುವ ಹಾಗೆ, ಟಕಟಕ, ಎಡೆಬಿಡದೆ. ಐವತ್ತು ದಾಟಿದ ನರ್ಸ್ ಒಬ್ಬರು ನನ್ನ ಪಕ್ಕದಲ್ಲಿದ್ದರು. ಡ್ರಿಪ್ಸಿನ ಗುಂಡಿಗೆ ಅವರು ಕೈ ಹಾಕಿದಾಗ ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು.

"ಸಿಸ್ಟರ್, ಬೇಡ ಅಂತ ಹೇಳುದಿಲ್ಲ. ಆದ್ರೆ ಎಂತ ಮಾಡುದಾದ್ರೂ ಮೊದಲು ನನಗೆ ಹೇಳಿ. ಹೇಳಿ ಮಾಡಿ."

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಇದನ್ನು ಅವರ ಹತ್ತಿರ ಯಾರೂ ಕೇಳಿರಲಿಲ್ಲವೇನೋ. "ಆಯ್ತು," ಎಂದರು. ಆಮೇಲೆ ಅದನ್ನು ತಪ್ಪದೆ ನಡೆಸಿದರು. ಈಗ ಹನಿ ಸ್ವಲ್ಪ ಜಾಸ್ತಿ ಮಾಡ್ತೇನೆ. ಈಗ ಒಳಗೆ ನೋಡ್ತೇನೆ, ಉಸಿರು ಬಿಡಿ. ಆ ಹೊತ್ತಿನಲ್ಲಿ ನನ್ನದೆಂದು ಉಳಿದದ್ದು ಅಷ್ಟೇ. ಅದನ್ನು ಹಿಡಿದುಕೊಂಡೇ ನಾನು ಆ ಬೆಳಗನ್ನು ದಾಟಿದೆ.

ನೋವು ಬಂತು. ಹೆತ್ತ ಹೆಂಗಸರು ಹೇಳುತ್ತಿದ್ದ ನೋವಲ್ಲ ಅದು. ಬರ್ತದೆ, ಹೋಗ್ತದೆ, ನಡುವೆ ಒಂದು ನಿದ್ದೆ ತೆಗೆಯುವಷ್ಟು ಪುರುಸೊತ್ತು ಇರ್ತದೆ ಎಂದಿದ್ದರು. ಇದರಲ್ಲಿ ಪುರುಸೊತ್ತೇ ಇರಲಿಲ್ಲ. ಒಂದು ಇಳಿಯುವ ಮೊದಲೇ ಇನ್ನೊಂದು ಏರುತ್ತಿತ್ತು. ಈ ನೋವು ನನ್ನದಲ್ಲ, ಯಾರೋ ಬಾಟಲಿಯಿಂದ ನನ್ನೊಳಗೆ ಇಳಿಸುತ್ತಿದ್ದಾರೆ ಅನ್ನಿಸಿತು.

ಹನ್ನೊಂದು ಗಂಟೆ ದಾಟಿರಬೇಕು. ಗಿರಣಿಯ ಸದ್ದು ನಿಧಾನವಾಯಿತು. ಟಕ್. ಟಕ್. ನಡುವೆ ಅಂತರ ಬಿಟ್ಟು.

ನರ್ಸ್ ಡ್ರಿಪ್ಸ್ ನಿಲ್ಲಿಸಿದರು. ಆಗಲೂ ಮಾತು ಮರೆಯಲಿಲ್ಲ. "ನಿಮ್ಮನ್ನು ಎಡಕ್ಕೆ ತಿರುಗಿಸ್ತೇನೆ. ಮುಖಕ್ಕೆ ಆಕ್ಸಿಜನ್ ಹಾಕ್ತೇನೆ. ಡಾಕ್ಟ್ರನ್ನು ಕರೀತೇನೆ." ದನಿ ಗಟ್ಟಿಯಾಗಿತ್ತು, ಕೈ ಮಾತ್ರ ಬೇಗ ಬೇಗ ಓಡುತ್ತಿತ್ತು.

ನಾನು ದೆವ್ವ ಭೂತ ಎಂದು ಹೆದರಿದವಳಲ್ಲ. ಆದರೆ ಎಡಕ್ಕೆ ಹೊರಳಿದಾಗ, ಗೋಡೆ ಮತ್ತು ಮಂಚದ ನಡುವಿನ ಆ ಇಕ್ಕಟ್ಟಿನಲ್ಲಿ ಯಾರೋ ಇದ್ದಾರೆ ಎಂದು ನನಗೆ ಖಚಿತವಾಗಿ ಗೊತ್ತಾಯಿತು. ಕಣ್ಣಿಗೆ ಏನೂ ಕಾಣಲಿಲ್ಲ. ಅವಳು ಕೆಟ್ಟವಳೂ ಅಲ್ಲ. ಬರೀ ಕಾಯುತ್ತಿದ್ದಳು, ಜೊತೆಗೆ ಯಾರಾದರೂ ಬರುತ್ತಾರೇನೋ ಎಂಬ ಹಾಗೆ. ಆಕ್ಸಿಜನ್ ಮಾಸ್ಕಿನೊಳಗೆ ನಾನು ತುಳುವಿನಲ್ಲಿ ಹೇಳಿದೆ: ಅಕ್ಕಾ, ನನ್ನ ಮಗುವನ್ನು ಕರೆಯಬೇಡ. ಎಷ್ಟು ಸಲ ಹೇಳಿದೆನೋ ತಿಳಿಯದು.

ಡಾಕ್ಟರು ಓಡಿ ಬಂದು ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಿಂತರು. ಆಮೇಲೆ ಸದ್ದು ಮೆಲ್ಲ ಮೆಲ್ಲ ಮೊದಲಿನ ಓಟಕ್ಕೆ ಬಂತು.

ಮಗಳು ಹುಟ್ಟಿದ್ದು ಎರಡೂವರೆಗೆ, ಆಪರೇಷನ್ ಇಲ್ಲದೆ. ಹುಟ್ಟಿದ ಕೂಡಲೇ ಅತ್ತಳು. ಗಂಡ ಅವಳನ್ನು ಎತ್ತಿಕೊಂಡು ಕಣ್ಣೊರೆಸಿಕೊಂಡರು. ಅಮ್ಮ ಮಾತ್ರ ಕೂಡಲೇ ಎತ್ತಿಕೊಳ್ಳಲಿಲ್ಲ. ಗೋಡೆಯ ಗಡಿಯಾರ ನೋಡುತ್ತ ಬೆಂಚಿನ ಮೇಲೆ ಕೂತಿದ್ದಳು. ಅರ್ಧ ಗಂಟೆ ಕಳೆದ ಮೇಲೆ ಎದ್ದು ಬಂದು ಕೈ ಚಾಚಿದಳು.

ಶುಕ್ರವಾರ ಗಂಡ ಹೊರಟುಹೋದರು. ನೋಡಲು ಬಂದವರೆಲ್ಲ "ಎಲ್ಲ ಒಳ್ಳೆದಾಯ್ತಲ್ಲ" ಎಂದರು. ಹೌದು ಎಂದೆ. ಆದರೆ ಪಕ್ಕದ ಮನೆಯ ಹೊಲಿಗೆ ಯಂತ್ರ ಓಡುತ್ತ ಓಡುತ್ತ ನಿಧಾನವಾದರೆ ನನ್ನ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತಿತ್ತು. ಓಡಿಹೋಗಿ ಮಗುವಿನ ಎದೆಯ ಮೇಲೆ ಕೈ ಇಡುತ್ತಿದ್ದೆ. ಮಲಗಿದ ಮಗುವನ್ನು ಸುಮ್ಮಸುಮ್ಮನೆ ಎಬ್ಬಿಸಿ ಅಳಿಸಿ, ಅಮ್ಮನಿಂದ ಬೈಸಿಕೊಂಡದ್ದೂ ಉಂಟು. ಲಸಿಕೆಗೆ ಮೂಡಬಿದಿರೆಗೆ ಹೋಗಲಿಲ್ಲ, ಬೆಳ್ತಂಗಡಿಯಲ್ಲೇ ಹಾಕಿಸಿದೆ.

ಒಂದು ದಿನ ಫೋನಿನಲ್ಲಿ ಗಂಡನನ್ನು ಕೇಳಿಯೇಬಿಟ್ಟೆ. "ನಿಮ್ಮ ಫ್ಲೈಟ್ ಇಲ್ಲದಿದ್ರೆ ಅವರು ಕಾಯ್ತಿದ್ರಾ?"

"ನಾನೂ ಅದನ್ನೇ ಯೋಚನೆ ಮಾಡ್ತಾ ಇರ್ತೇನೆ," ಎಂದರು. ಆ ಮಾತಿನಿಂದ ನನಗೆ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಇನ್ನೂ ಇದೆ.

ಎರಡು ತಿಂಗಳಾದ ಮೇಲೆ ಮಗುವನ್ನು ಅಮ್ಮನ ಹತ್ತಿರ ಬಿಟ್ಟು, ಗುರುವಾಯನಕೆರೆಯಿಂದ ಬಸ್ಸು ಹಿಡಿದು ನಾನೊಬ್ಬಳೇ ಆಸ್ಪತ್ರೆಗೆ ಹೋದೆ. ಡಾಕ್ಟರ ಎದುರು ಕೂತು ಅದೇ ಪ್ರಶ್ನೆ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಫೈಲು ತರಿಸಿ ಸ್ಕ್ಯಾನಿಂಗ್ ವರದಿ ತೋರಿಸಿದರು.

"ನೀರು ಕಡಿಮೆ ಇದ್ದದ್ದು ಸತ್ಯ. ಫ್ಲೈಟಿಗಾಗಿ ನಾನು ಮಾಡಿದ್ದಲ್ಲ. ಇನ್ನು ಎರಡು ದಿನ ಕಾಯ್ಬಹುದಿತ್ತಾ ಅಂತ ಕೇಳಿದ್ರೆ, ಇತ್ತೋ ಏನೋ. ನನಗೆ ಧೈರ್ಯ ಬರ್ಲಿಲ್ಲ." ಫೈಲು ಮುಚ್ಚಿ ಹೇಳಿದರು. "ಇಷ್ಟನ್ನು ನಿಮಗೆ ಅವತ್ತೇ ಹೇಳ್ಬೇಕಿತ್ತು. ಅದು ನನ್ನ ತಪ್ಪು."

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಸಮಾಧಾನಕ್ಕೋ ದುಃಖಕ್ಕೋ ಗೊತ್ತಾಗಲಿಲ್ಲ. ಅಮ್ಮನಿಗೆ ಹೀಗೆ ಎದುರು ಕೂತು ಹೇಳುವವರು ಒಬ್ಬರಾದರೂ ಇದ್ದಿದ್ದರೆ ಎಂದುಕೊಂಡೆ.

ಆ ವರ್ಷ ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ, ಪದ್ಧತಿಯಂತೆ, ಮನೆಯಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸಿದೆವು. ಅಜ್ಜನಿಗೆ ಒಂದು, ಅಜ್ಜಿಗೆ ಒಂದು, ಅಪ್ಪನಿಗೆ ಒಂದು. ಬಡಿಸಿ ಮುಗಿಸಿ ಅಮ್ಮ ಸೌಟು ಹಿಡಿದು ನಿಂತೇ ಇದ್ದಳು. ನಾನು ಹೋಗಿ ಬಾಳೆಯೆಲೆಯ ಒಂದು ಸಣ್ಣ ತುದಿ ಕತ್ತರಿಸಿ ತಂದು ಅಪ್ಪನ ಎಲೆಯ ಪಕ್ಕದಲ್ಲಿ ಹಾಸಿದೆ.

"ಅವಳಿಗೆ ಎಂತ ಬಡಿಸುದು?" ಎಂದಳು ಅಮ್ಮ. "ಒಂದು ಗುಟುಕು ಹಾಲೂ ಕುಡಿದಿರ್ಲಿಲ್ಲ."

ಆಮೇಲೆ ಅವಳೇ ಒಳಗೆ ಹೋಗಿ ಸಣ್ಣ ಲೋಟದಲ್ಲಿ ಹಾಲು ತಂದು ಆ ಎಲೆಯ ಮೇಲಿಟ್ಟಳು. ಅವರು ಉಣ್ಣಲಿ ಎಂದು ಬಾಗಿಲು ಮುಚ್ಚಿಕೊಂಡು ಇಬ್ಬರೂ ಹೊರಗೆ ಜಗಲಿಯಲ್ಲಿ ಕೂತೆವು. ಮಗಳು ನನ್ನ ಮಡಿಲಲ್ಲಿ ನಿದ್ದೆಹೋಗಿದ್ದಳು. ಬೇರೆ ವರ್ಷಗಳಲ್ಲಿ ಹತ್ತು ನಿಮಿಷಕ್ಕೆಲ್ಲ ಬಾಗಿಲು ತಟ್ಟಿ ತೆರೆಯುತ್ತಿದ್ದ ಅಮ್ಮ ಆವತ್ತು ಏಳಲೇ ಇಲ್ಲ. ನಾನೂ ಅವಸರ ಮಾಡಲಿಲ್ಲ.