ಬೀಗರ ಮನೆಗೆ ಹೊತ್ತುಕೊಂಡು ಹೋದ ತವರು

ಹೋದ ವರ್ಷ ತೊಗರಿ ರಾಶಿ ಮುಗಿಯುವ ಹೊತ್ತಿಗೆ ನನ್ನ ಬಸುರಿ ಮೊಮ್ಮಗಳು ಸವಿತಾಗೆ ಎಂಟು ತಿಂಗಳು ತುಂಬಿತ್ತು. ಅವಳ ಗಂಡನ ಮನೆ ಸೇಡಂನಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮ ಪದ್ಧತಿ. ಕರೆತರಲು ಅವಳ ಅಪ್ಪ, ನನ್ನ ಮಗ, ಸಜ್ಜಾದ. ನಾನು ಬೇಡವೆಂದೆ.

ಸಿಮೆಂಟ್ ಕಾರ್ಖಾನೆಗಳು ಬಂದು ಸೇಡಂ ಬೆಳೆದಿದೆ. ಬೀಗರ ಓಣಿ ದಾಟಿದರೆ ದವಾಖಾನೆ. ಚಿಂಚೋಳಿ ತಾಲೂಕಿನ ನಮ್ಮ ಹಳ್ಳಿಗೂ ಮೋಟಾರ್ ಸೈಕಲ್, ಟೀವಿ ಬಂದಿವೆ, ಡಾಕ್ಟರ್ ಬಂದಿಲ್ಲ. ಹೆರಿಗೆಗೆಂದು ತವರಿಗೆ ಬಂದಿದ್ದ ಪಕ್ಕದ ಮನೆಯ ಹುಡುಗಿ ದವಾಖಾನೆಯ ದಾರಿಯಲ್ಲಿ, ಟಂಟಂ ಆಟೋದಲ್ಲೇ ತೀರಿಕೊಂಡಳು. ತವರಿನವರ ಪ್ರೀತಿಗೇನೂ ಕಡಿಮೆ ಇರಲಿಲ್ಲ.

“ಮಂದಿ ಏನಂತಾರವ್ವಾ?” ಎಂದ ಮಗ.

“ಬ್ಯಾನಿ ತಿನ್ನಾಕಿ ಆಕಿ. ಮಂದಿ ಬಂದು ಅರ್ಧಾ ಹಂಚ್ಕೊತಾರೇನು?” ಎಂದೆ.

ಜೋಳದ ಹಿಟ್ಟು, ಬಾಣಂತಿಗೆ ಬೇಕಾದ ಅಳ್ವಿ ಬೀಜ, ತಿನ್ನುವ ಅಂಟು, ಒಣಕೊಬ್ಬರಿ ಚೀಲಕ್ಕೆ ತುಂಬಿಕೊಂಡು ನಾನೇ ಬಸ್ ಹತ್ತಿದೆ. ಬೀಗತಿ ಶಾಂತಮ್ಮ, ಸವಿತಾಳ ಅತ್ತೆ, ಬಾಗಿಲಲ್ಲೇ ತಡೆದಳು.

“ಚೊಚ್ಚಲ ಬಾಣಂತನ ಅತ್ತಿ ಮನ್ಯಾಗ? ಓಣಿ ಮಂದಿ ನಗತಾರ್ರಿ!”

“ನಗಲಿ ಬಿಡ್ರಿ. ನಿಮ್ಮ ದವಾಖಾನಿ ನಮ್ಮೂರಿಗೆ ಹೊತ್ಕೊಂಡು ಹೋಗಾಕ ಬರಂಗಿಲ್ಲ. ಅದಕ್ಕ ತವರಮನೀನೇ ಹೊತ್ಕೊಂಡು ಬಂದೀನಿ.”

ಅವಳು ಚೀಲ ನೋಡಿದಳು, ನನ್ನ ಮುಖ ನೋಡಿದಳು. “ಒಳಗ ಬರ್ರಿ ಮೊದಲ. ಒಲಿ ಮಾತ್ರ ನಂದು” ಎಂದಳು.

ಒಲೆಯ ಮುಂದೆ ದಿನಾ ಜಗಳ. ಅವಳು ಸುರಿಯುವ ಬೆಲ್ಲ ನನಗೆ ಸೇರದು, ನಾನು ಹಾಕುವ ಖಾರ ಅವಳಿಗೆ ಸೇರದು.

ಒಂದು ಮಧ್ಯಾಹ್ನ ಸವಿತಾಗೆ ನೋವು ಶುರುವಾಯಿತು. ಇಬ್ಬರೂ ಅವಳನ್ನು ನಡುವೆ ಹಿಡಿದು ನಡೆಸಿಕೊಂಡೇ ದವಾಖಾನೆಗೆ ಹೋದೆವು. ಹೆಣ್ಣು ಕೂಸು ಹುಟ್ಟಿತು. ಆಮೇಲೆ ರಕ್ತ ನಿಲ್ಲಲಿಲ್ಲ. ನರ್ಸ್ ಓಡಿದಳು, ಡಾಕ್ಟರಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಅಳುವವಳಲ್ಲ. ಬೀಗತಿಯ ಕೈ ಮಾತ್ರ ಬಿಡಲಿಲ್ಲ.

ಡಾಕ್ಟರಮ್ಮ ಹೊರಗೆ ಬಂದು, “ರಕ್ತ ನಿಂತದ. ಜಲ್ದಿ ಕರ್ಕೊಂಡು ಬಂದದ್ದು ಭಾಳ ಚಲೋ ಆತು” ಎಂದರು. ಸಂಜೆಗೆ ಸವಿತಾ ಕಣ್ಣು ಬಿಟ್ಟು ನನ್ನ ಕಡೆ ನೋಡಿ, “ಆಯಿ, ಹಸಿವಾಗ್ಯದ” ಎಂದಳು. ಗಂಜಿ ಕಾಯಿಸಲು ಬೀಗತಿಯೂ ನಾನೂ ಒಟ್ಟಿಗೇ ಎದ್ದೆವು.

ಈಗ ಕೂಸು ಗೋಡೆ ಹಿಡಿದು ನಿಲ್ಲುತ್ತದೆ. ಆದರೆ ಸವಿತಾಳ ಗೆಳತಿ ನೀಲಾಳನ್ನು ನಮ್ಮೂರಲ್ಲೇ ಮದುವೆ ಮಾಡಿ ಕೊಟ್ಟಿದ್ದಾರೆ. ಅವಳಿಗೂ ದಿನ ತುಂಬುತ್ತಿವೆ. ತವರೂ ಇಲ್ಲೇ, ಗಂಡನ ಮನೆಯೂ ಇಲ್ಲೇ, ಡಾಕ್ಟರ್ ಮಾತ್ರ ಇನ್ನೂ ಇಲ್ಲ. ಬೀಗತಿಗೆ ಫೋನ್ ಮಾಡಿದೆ.

“ಕರ್ಕೊಂಡು ಬರ್ರಿ, ಜಾಗಾ ಅದ. ನಿಮ್ಮ ಕೂಡ ಜಗಳಾಡಲಾರದ ನನ್ನ ಬಾಯಿ ಸಪ್ಪಗಾಗ್ಯದ” ಎಂದಳು.

ನಾಳೆ ನೀಲಾಳ ಜೊತೆ ಹೊರಡುತ್ತೇನೆ. ಮನಸ್ಸು ನೆಮ್ಮದಿಯಾಗಿದೆ. ಆದರೂ ನಮ್ಮೂರ ಹುಡುಗಿ ಹೆರಲಿಕ್ಕೆ ನನ್ನ ಬೀಗರ ಮನೆ ಬೇಕಾಯಿತಲ್ಲ, ಅದು ನನಗೆ ಸರಿ ಕಾಣುವುದಿಲ್ಲ.